ಘಟೋತ್ಕಚನ ಹಳೇ ಗಂಟಲು

ದಿಯೆಂಗ್ ಬೆಟ್ಟದ ಕಾಲಿಸರಿ ತಿರುವಿನಲ್ಲಿ ಕಾರ್ಬೋರೇಟರ್ ಬಿಚ್ಚಿ ಜೋಡಿಸೋ ಪೋನಿರಾ ಅಂತ ಒಬ್ಬಳಿದ್ದಾಳಲ್ಲ, ಅವಳ ಕಿವಿ ವಿಷಯ ಕೇಳಿದ್ರೆ ನೀವು ಮೂಗಿನ ಮೇಲೆ ಬೆರಳಿಡ್ತೀರಿ. ಕೆಳಗೆ ವೊನೊಸೊಬೊ ಪೇಟೇಲಿ ಯಾವನೋ ಗಾಡಿ ಸ್ಟಾರ್ಟ್ ಮಾಡಿದ್ರೆ ಸಾಕು, ಇಲ್ಲಿ ಅರ್ಧ ಬೆಟ್ಟದ ಮೇಲೆ ಸೋಯಾಕಾಳಿನ ಟೆಂಪೆ ಬಜ್ಜಿ ಕರೀತಾ ಕೂತವಳು, "ಥೂ, ಅವನ ಎರಡನೇ ಜೆಟ್‌ನಲ್ಲಿ ಕಸ ಕೂತಿದೆ" ಅನ್ನೋಳು. ಸಂಜೆ ಹೊತ್ತಿಗೆ ಅದೇ ಗಾಡಿ ಅವಳ ಅಂಗಳಕ್ಕೆ ಬಂದು ನಿಲ್ಲೋದು. ಬಿಚ್ಚಿ ನೋಡಿದ್ರೆ ಎರಡನೇದ್ರಲ್ಲೇ ಕಸ! ಒಂದ್ಸಲ ಗಾಮೆಲಾನ್ ವಾದ್ಯಮೇಳದವರು ದೊಡ್ಡ ಜಾಗಟೆ ಶ್ರುತಿ ಬಿಟ್ಟಿದೆ ಅಂತ ಅವಳನ್ನೇ ಕರ್ಕೊಂಡು ಹೋಗಿದ್ರು. ಪಾಪ, ಸ್ಕ್ರೂಡ್ರೈವರ್ ಹಿಡ್ಕೊಂಡೇ ಹೋಗಿದ್ಲು. ಅರ್ಧ ಗಂಟೆ ಜಾಗಟೆ ಸುತ್ತ ಸುತ್ತಿ ಎಲ್ಲಿ ತಿರುಗಿಸೋದು ಅಂತ ಹುಡುಕಿದ್ಲು.

ದಿಯೆಂಗ್ ಘಾಟಿ ಹತ್ತೋ ಗಾಡಿಗಳೆಲ್ಲ ಅವಳ ತಿರುವಿನಲ್ಲಿ ನಿಲ್ಲಲೇಬೇಕಿತ್ತು. ಯಾಕಂದ್ರೆ ಮೇಲೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತೆ. ಕಾರ್ಬೋರೇಟರ್‌ಗೆ ಅದೆಲ್ಲ ಎಲ್ಲಿ ಗೊತ್ತಾಗ್ಬೇಕು? ಕೆಳಗೆ ಕೊಟ್ಟ ಲೆಕ್ಕದಲ್ಲೇ ಮೇಲೂ ಪೆಟ್ರೋಲು ಸುರೀತಾ ಇರುತ್ತೆ, ಹೊಟ್ಟೆ ತುಂಬಿದ ಮೊಮ್ಮಗನ ಬಾಯಿಗೆ ಇನ್ನೂ ತುರುಕೋ ಅಜ್ಜಿ ಹಾಗೆ. ಇಂಜಿನ್ನು ಕರೀ ಹೊಗೆ ಬಿಟ್ಕೊಂಡು ಮುಲುಗೋಕೆ ಶುರು ಮಾಡುತ್ತೆ. ಅದಕ್ಕೆ ಪೋನಿರಾ ಪೆಟ್ರೋಲು ಇಳಿಯೋ ದೊಡ್ಡ ತೂತಿನ ಜೆಟ್ ಬಿಚ್ಚಿ ಸಣ್ಣ ತೂತಿಂದು ಹಾಕಿ ಕಳಿಸೋಳು. ಇಳಿಯೋವಾಗ ಮತ್ತೆ ದೊಡ್ಡದು. ಡ್ರೈವರು ಒಂದು ಲವಂಗದ ಸಿಗರೇಟು ಸೇದಿ ಮುಗಿಸೋದ್ರೊಳಗೆ ಕೆಲಸ ಮುಗೀತಿತ್ತು. ಸಿಗರೇಟೇ ಹಚ್ಚದ ಡ್ರೈವರಿಗೆ ಕೆಲಸ ಮುಗಿದದ್ದೇ ಗೊತ್ತಾಗ್ತಿರಲಿಲ್ಲ, ಅಷ್ಟು ಬೇಗ.

ಆಮೇಲೆ ಎದುರುಗಡೆ ಪ್ರಯೋಗೊ ಅಂಗಡಿ ಇಟ್ಟ. ಸೆಮರಾಂಗ್‌ನಲ್ಲಿ ಕಲಿತು ಬಂದವನು. ಉಗುರಲ್ಲಿ ಒಂದು ಚೂರು ಗ್ರೀಸ್ ಇಲ್ಲ, ಕಂಕುಳಲ್ಲಿ ಯಾವಾಗ್ಲೂ ಲ್ಯಾಪ್‌ಟಾಪು. ಹಳೇ ಗಾಡಿಗಳ ಕಾರ್ಬೋರೇಟರ್ ಕಿತ್ತು ಇಂಜೆಕ್ಷನ್ ಅನ್ನೋ ಹೊಸ ಯಂತ್ರ ಕೂರಿಸೋದು ಅವನ ಕಸುಬು. ಅದರ ಡಬ್ಬಿ ಗಾಳಿ ಎಷ್ಟಿದೆ ಅಂತ ತಾನೇ ಅಳೆದು, ಅಷ್ಟಕ್ಕೆ ತಕ್ಕ ಪೆಟ್ರೋಲು ಬಿಡುತ್ತೆ. ಗಾಡಿ ಕೆಳಗಿಂದ ಮೇಲಕ್ಕೆ ಎಲ್ಲೂ ನಿಲ್ಲಬೇಕಾಗಿಲ್ಲ.

"ಬು, ಇನ್ನು ನಿಮಗೆ ರೆಸ್ಟು," ಅಂದಿದ್ದ ಬಂದ ಮೊದಲನೇ ದಿನಾನೇ.

"ರೆಸ್ಟು ನಿನ್ನ ತಲೆಗೆ ಕೊಡು ಮಾಸ್," ಅಂದ್ಲು ಪೋನಿರಾ. "ಡಬ್ಬಿ ಕೆಟ್ರೆ ಇನ್ನೊಂದು ಡಬ್ಬಿ ತಂದು ಅದಕ್ಕೆ ಚುಚ್ಚಿ, ಏನಾಗಿದೆ ಅಂತ ಅದನ್ನೇ ಕೇಳ್ತೀಯಲ್ಲ. ಮತ್ತೆ ನೀನ್ಯಾಕೆ ಮಧ್ಯದಲ್ಲಿ?"

ಅವನು ಬು ಅಂದ್ರೆ ಅಮ್ಮಾ ಅಂತ, ಇವಳು ಮಾಸ್ ಅಂದ್ರೆ ಅಣ್ಣಾ ಅಂತ ಕರೀತಾ, ಇಬ್ಬರೂ ಹೀಗೇ ಬೈದಾಡ್ಕೊಂಡು, ಮಧ್ಯಾಹ್ನ ಒಂದೇ ತಟ್ಟೇಲಿ ಬಜ್ಜಿ ತಿಂದ್ಕೊಂಡು ಇದ್ರು.

ಪೋನಿರಾಗೆ ಒಬ್ಬ ತಮ್ಮ, ದರ್ಮಜಿ ಅಂತ. ಘಾಟಿ ಬುಡದಲ್ಲಿ ಅವನ ಮನೆ. ಅವನ ಹತ್ರ ಒಂದು ಹಳೇ ವ್ಯಾನು. ಬಾಗಿಲ ಮೇಲೆ ಮೀಸೆ ತಿರುವಿಕೊಂಡ ಘಟೋತ್ಕಚನ ಚಿತ್ರ ಬರೆಸಿದ್ದ, ಅದಕ್ಕೇ ಊರೆಲ್ಲ ಅದನ್ನ ಘಟೋತ್ಕಚ ಅಂತಾನೇ ಕರೀತಿತ್ತು. ಇಂಜಿನ್ನು ಮುಂದಿನ ಸೀಟಿನ ಅಡೀಲಿ. ಚಳೀಲಿ ಅದರ ಮೇಲೆ ಕೂತವನು ಏಳೋ ಮಾತೇ ಆಡ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಆ ಗಾಡಿ ಪೋನಿರಾ ಕೈಯಲ್ಲಿ ಬೆಳೆದಿತ್ತು. ಅಂಥದ್ದನ್ನ ದರ್ಮಜಿ ಎರಡು ತಿಂಗಳ ಹಿಂದೆ ತಂದು ಪ್ರಯೋಗೊ ಅಂಗಡೀಲಿ ನಿಲ್ಲಿಸಿಬಿಟ್ಟ!

"ಅಕ್ಕಾ, ಬೇಜಾರು ಮಾಡ್ಕೋಬೇಡ. ಆಲೂಗಡ್ಡೆ ಹೊತ್ಕೊಂಡು ದಿನಕ್ಕೆ ಎರಡು ಟ್ರಿಪ್ಪು. ನಿಂತು ನಿಂತು ಹೋಗೋಕೆ ಆಗ್ತಿಲ್ಲ."

"ನಂಗ್ಯಾಕೋ ಬೇಜಾರು? ಹಾಕಿಸ್ಕೋ," ಅಂದು ಪೋನಿರಾ ಬಾಣಲೆ ಕಡೆ ತಿರುಗಿದ್ಲು. ಅವತ್ತಿನ ಬಜ್ಜಿ ಎಲ್ಲಾ ಸೀದು ಹೋಯ್ತು, ಅದು ಬೇರೆ ವಿಷಯ.

ಈಗ ವಿನಾಂತಿ ವಿಷಯಕ್ಕೆ ಬರೋಣ. ದರ್ಮಜಿ ಮಗಳು, ಆರು ವರ್ಷ. ಎರಡು ವರ್ಷದವಳಿದ್ದಾಗ ಒಂಬತ್ತು ದಿನ ಜ್ವರ ಬಂತು. ಜ್ವರ ಬಿಟ್ಟು ನೋಡಿದ್ರೆ ಕೂದಲು ಜಡೆಗಟ್ಟಿತ್ತು. ಬಾಚಣಿಗೆ ಹಾಕಿದ್ರೆ ಬಾಚಣಿಗೇನೇ ಮುರೀಬೇಕು. ದಿಯೆಂಗ್ ಕಡೆ ಇಂಥಾ ಮಕ್ಕಳು ಹುಟ್ತಾನೇ ಇರ್ತಾರೆ. ಬೆಟ್ಟದ ಹಿರೀಕರ ಆಸ್ತಿ ಅದು, ಯಾರೂ ಸುಮ್ಮಸುಮ್ಮನೆ ಕತ್ತರಿ ಹಾಕೋ ಹಾಗಿಲ್ಲ. ಮಗು ತಾನೇ ಬಾಯಿಬಿಟ್ಟು, ನನಗೆ ಇಂಥದ್ದು ಕೊಡಿ, ಆಮೇಲೆ ಕತ್ತರಿಸಿ ಅನ್ಬೇಕು. ಕೇಳಿದ್ದನ್ನ ಕೇಳಿದ ಹಾಗೇ ಕೊಡ್ಬೇಕು. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಜ್ವರ ವಾಪಸ್ಸು ಬರುತ್ತೆ, ಜಡೆಯೂ ವಾಪಸ್ಸು ಬರುತ್ತೆ.

ವಿನಾಂತಿ ಎರಡು ವರ್ಷದಿಂದ ಬಿಳೀ ಆಡು ಬಿಳೀ ಆಡು ಅಂತಿದ್ಲು. ದರ್ಮಜಿ ನಂಬಿ ಬಿಳೀ ಆಡು ತಂದು ಕಟ್ಟಿ, ಹುಲ್ಲು ಹಾಕಿ ಹಾಕಿ ಸಾಕಿದ್ದ. ಬೆಟ್ಟದ ಮೇಲಿನ ದೇವಸ್ಥಾನದಲ್ಲಿ ಜಡೆ ತೆಗೆಯೋ ಶಾಸ್ತ್ರಕ್ಕೆ ಇನ್ನು ಐದು ದಿನ ಅನ್ನೋವಾಗ ಊರ ಹಿರಿಯ ಕರ್ತೋದಿ ಅಜ್ಜ ಮನೆಗೆ ಬಂದ್ರು. ಮಗೂನ ಎದುರಿಗೆ ಕೂರಿಸ್ಕೊಂಡು ಕಡೇ ಸಲ ಕೇಳಿದ್ರು. ಇದೇ ಗಟ್ಟಿ ಮಾತು, ಇದಾದ ಮೇಲೆ ಬದಲಾಯಿಸೋ ಹಾಗಿಲ್ಲ.

"ಏನು ಬೇಕಮ್ಮ ನಿಂಗೆ?"

"ಘಟೋತ್ಕಚನ ಮೇಲೆ ಕೂತ್ಕೊಂಡು ಬೆಟ್ಟಕ್ಕೆ ಹೋಗ್ಬೇಕು," ಅಂದ್ಲು ವಿನಾಂತಿ.

ದರ್ಮಜಿ ಉಸಿರು ಬಿಟ್ಟ. ಆಡು ಉಳೀತು, ಗಾಡಿ ಹೇಗಿದ್ರೂ ಮನೇದೇ.

"ಈಗಿಂದಲ್ಲ," ಅಂದ್ಲು ಹುಡುಗಿ. "ಈಗ ಅವನು ಮಾತಾಡಲ್ಲ. ಸುಮ್ನೆ ಹೋಗ್ತಾನೆ, ಕಳ್ಳನ ಥರ. ನನಗೆ ಹಳೇ ಗಂಟಲಿನ ಘಟೋತ್ಕಚ ಬೇಕು. ಬುದೆ ಅವನ ಪಕ್ಕದಲ್ಲಿ ಕೂತಿರ್ಬೇಕು."

ಬುದೆ ಅಂದ್ರೆ ಪೋನಿರಾನೇ, ಅಪ್ಪನ ಅಕ್ಕ ಅಲ್ವಾ. ಕರ್ತೋದಿ ಅಜ್ಜ ಮೂರು ಸಲ ತಲೆ ಆಡಿಸಿದ್ರು. "ಕೇಳಿ ಆಯ್ತು. ಕೊಟ್ಟಾಯ್ತು ಅಂತ ಇನ್ನು ನೀವು ಹೇಳ್ಬೇಕು. ನೆನಪಿರ್ಲಿ ದರ್ಮಜಿ, ಮಗೂನ ಹೊತ್ತ ಗಾಡಿ ಮನೆ ಬಿಟ್ಟ ಮೇಲೆ ದೇವಸ್ಥಾನದ ಅಂಗಳ ಮುಟ್ಟೋ ತನಕ ದಾರೀಲಿ ನಿಲ್ಲಬಾರದು."

ದರ್ಮಜಿ ಓಡ್ಕೊಂಡು ಕಾಲಿಸರಿಗೆ ಬಂದ. ಗಾಡೀಲಿ ಬಂದಿದ್ರೆ ಬೇಗ ಬರ್ತಿದ್ದ, ಆದ್ರೆ ಆ ಗಾಬರೀಲಿ ಗಾಡಿ ಇದೆ ಅನ್ನೋದೇ ಮರೆತಿದ್ದ.

ಪೋನಿರಾ ಎಲ್ಲಾ ಕೇಳಿಸ್ಕೊಂಡ್ಲು. ನಗಲಿಲ್ಲ, ಹಂಗಿಸಲೂ ಇಲ್ಲ. ಸೊಂಟಕ್ಕೆ ಲುಂಗಿಯಂಥ ಸರೋಂಗು ಬಿಗಿದು, ರಸ್ತೆ ದಾಟಿ ಪ್ರಯೋಗೊ ಅಂಗಡಿ ಬಾಗಿಲಲ್ಲಿ ನಿಂತ್ಲು.

"ಮಾಸ್, ನಿನ್ನ ಡಬ್ಬಿ ಬಿಚ್ಚು. ನನ್ನ ಕಾರ್ಬೋರೇಟರ್ ಎಲ್ಲಿ?"

ಪ್ರಯೋಗೊ ತಲೆ ಕೆರ್ಕೊಂಡ. "ಅದು... ಗುಜರಿಯವನು ಬಂದಿದ್ದ ಬು."

"ಕೊಟ್ಟುಬಿಟ್ಯಾ?"

"ಕಾರ್ಬೋರೇಟರ್ ಕೊಟ್ಟೆ. ಅದು ಕೂತ್ಕೊಳೋ ಕೆಳಗಿನ ಪೀಠ, ಹಳೇ ಪೆಟ್ರೋಲ್ ಪಂಪು ಇಲ್ಲೇ ಇದೆ. ಬಾಗಿಲಿಗೆ ಅಡ್ಡ ಇಟ್ಟಿದ್ದೀನಿ ನೋಡಿ."

"ಇಪ್ಪತ್ತೆರಡು ವರ್ಷ ಸಾಕಿದ್ದನ್ನ ಗುಜರಿಗೆ, ಉಳಿದದ್ದು ಬಾಗಿಲಿಗೆ! ಪರವಾಗಿಲ್ಲ. ನನ್ನ ಹತ್ರ ಅದೇ ಜಾತೀದು ಹನ್ನೆರಡಿವೆ. ಒಂದ್ರಲ್ಲಿ ಅವನ ಗಂಟಲು ಎಬ್ಬಿಸ್ತೀನಿ."

"ಇಂಜೆಕ್ಷನ್ ಪಂಪೇ ಇಟ್ಕೊಳಿ ಬು, ಹೊಸದು."

"ಅದು ಬೆಂಕಿ ಆರಿಸೋ ಗಾಡಿ ಪೈಪ್ ಥರ ರಭಸವಾಗಿ ಬಿಡುತ್ತೆ. ಕಾರ್ಬೋರೇಟರ್ ಅಂದ್ರೆ ಹಾಲುಗೂಸು, ಒಳಲೇಲಿ ಕುಡಿಸ್ಬೇಕು. ಹಳೇ ಪಂಪೇ ಹಾಕು."

ದರ್ಮಜಿ ವಾಪಸ್ಸು ಹೋಗಿ ಗಾಡಿ ತಂದು ನಿಲ್ಲಿಸಿದ. ಮೂರು ದಿನ ಇಬ್ಬರೂ ಸೀಟು ಎತ್ತಿ ತಲೆ ಒಳಗೆ ಹಾಕಿದ್ರೆ ಹೊರಗೆ ನಾಲ್ಕು ಕಾಲು ಮಾತ್ರ ಕಾಣೋದು. ಹನ್ನೆರಡು ಕಾರ್ಬೋರೇಟರ್‌ಗಳನ್ನ ಪೋನಿರಾ ಪೆಟ್ರೋಲಲ್ಲಿ ತೊಳೆದು ಚಾಪೆ ಮೇಲೆ ಸಾಲಾಗಿ ಮಲಗಿಸಿದ್ಲು. ಒಂದೊಂದೇ ಹಾಕಿ ಸ್ಟಾರ್ಟ್ ಮಾಡೋದು. ತೀರ್ಪು ಹೇಳೋಳು ವಿನಾಂತಿ. ಕಲ್ಲಿನ ಮೇಲೆ ಕೂತು, ಸಕ್ಕರೆ ಪಾಕದಲ್ಲಿ ನೆನೆಸಿದ ಬೆಟ್ಟದ ಪರಂಗಿ ತಿಂತಾ, ಕಣ್ಣು ಮುಚ್ಚಿ ಕೇಳೋಳು. ಆ ಕಿವಿ ಎಲ್ಲಿಂದ ಬಂತು ಅಂತ ಯಾರೂ ಕೇಳೋ ಹಾಗೇ ಇರಲಿಲ್ಲ.

ಮೊದಲನೇದು ಹಾಕಿದ್ರು. "ಇದು ಎಲೆಕೋಸಿನ ಲಾರಿ," ಅಂದ್ಲು.

ಮೂರನೇದು. "ಇದು ಪೊಲೀಸ್ ಮಾವನ ಜೀಪು."

ಐದನೇದು ಹಾಕಿದಾಗ ದರ್ಮಜಿ ಕೈ ಮುಗಿದು, "ಇದೇ ಅಲ್ವೇನೇ ಪುಟ್ಟಿ, ಇದೇ ಅನ್ನು," ಅಂದ.

"ನಿಂಗೆ ಕಿವಿ ಕೇಳಲ್ವಾ ಅಪ್ಪಾ?"

ಪೋನಿರಾ ಎದೆ ಉಬ್ಬಿಸಿ ಪ್ರಯೋಗೊ ಕಡೆ ನೋಡಿದ್ಲು. "ನೋಡಿದ್ಯಾ? ಲ್ಯಾಪ್‌ಟಾಪ್ ಇಲ್ಲ, ವೈರಿಲ್ಲ."

ಒಂಬತ್ತನೇದಕ್ಕೆ ಹುಡುಗಿ ತಿನ್ನೋದು ನಿಲ್ಲಿಸಿದ್ಲು. "ಇದು ಘಟೋತ್ಕಚ. ಆದ್ರೆ ಶೀತ ಆಗಿದೆ."

ಪೋನಿರಾಗೆ ತಕ್ಷಣ ಹೊಳೀತು. ದಾರೀಲಿ ನಿಲ್ಲೋ ಹಾಗಿಲ್ಲವಲ್ಲ ಅಂತ ಅವಳು ಮುಂಚೇನೇ ಮೇಲಿನ ಸಣ್ಣ ಜೆಟ್ ಹಾಕಿದ್ಲು. ಅದನ್ನ ಬಿಚ್ಚಿ ಕೆಳಗಿನ ದೊಡ್ಡ ಜೆಟ್ ಹಾಕಿ ಸ್ಕ್ರೂ ಕಾಲು ಸುತ್ತು ತಿರುಗಿಸಿದ್ಲು. ಇಂಜಿನ್ನು ಗುಡುಗಿದ ರಭಸಕ್ಕೆ ಪಕ್ಕದ ಮನೆ ಹೆಂಚು ಎರಡು ಜಾರಿದ್ವು, ಒಂದು ಕೋಳಿ ಹೊತ್ತಿಗೆ ಮುಂಚೆ ಮೊಟ್ಟೆ ಇಟ್ಟಿತು. ವಿನಾಂತಿ ಎದ್ದು ಕುಣಿದ್ಲು.

"ಬಂದಾ! ಬಂದಾ!"

ಎಲ್ಲರೂ ಖುಷಿ. ಪ್ರಯೋಗೊ ಒಬ್ಬ ಮಾತ್ರ ಮೆಲ್ಲಗೆ, "ಬು, ದೊಡ್ಡ ಜೆಟ್‌ನಲ್ಲಿ ನಿಲ್ಲದೆ ಮೇಲಿನ ತನಕ ಹೋಗೋಕಾಗುತ್ತಾ? ಕಾಲಿಸರಿ ದಾಟಿದ ಮೇಲೆ ಉಸಿರು ಕಟ್ಟಿ ಆಫ್ ಆಗುತ್ತೆ. ನಿಮಗೇ ಗೊತ್ತು," ಅಂದ.

"ಗೊತ್ತು."

"ಮತ್ತೆ?"

"ನಾನು ಪಕ್ಕದಲ್ಲಿ ಕೂತಿರ್ತೀನಲ್ಲ."

ಶಾಸ್ತ್ರದ ದಿನ ಬೆಳಿಗ್ಗೆ ಆರಕ್ಕೇ ಬಿಸಿಲು ಬಿತ್ತು. ವಿನಾಂತಿಗೆ ಬಿಳೀ ಬಟ್ಟೆ ಸುತ್ತಿ ಹಿಂದಿನ ಸೀಟಲ್ಲಿ ಅಮ್ಮನ ತೊಡೆ ಮೇಲೆ ಕೂರಿಸಿದ್ರು. ಒಂಬತ್ತು ಜನ ಕೂರೋ ಗಾಡೀಲಿ ಹದಿನೆಂಟು ಜನ ನೆಂಟರು ಹತ್ತಿದ್ರು, ಅದ್ರಲ್ಲಿ ಇಬ್ಬರು ನೆಂಟರೇ ಅಲ್ಲ ಅಂತ ಆಮೇಲೆ ಗೊತ್ತಾಯ್ತು. ದರ್ಮಜಿ ಸ್ಟಿಯರಿಂಗ್ ಹಿಡಿದ. ಪಕ್ಕದ ಸೀಟನ್ನ ಪೋನಿರಾ ಕಿತ್ತು ಚಾವಣಿ ಮೇಲೆ ಕಟ್ಟಿಸಿ, ತೆರೆದ ಇಂಜಿನ್ ಪಕ್ಕ ಒಂದು ಮಣೆ ಹಾಕ್ಕೊಂಡು ಕೂತ್ಲು. ಪ್ರಯೋಗೊ ಅವಳ ಬೆನ್ನಿಗೆ ಮಂಡಿ ಕೊಟ್ಟು ಲ್ಯಾಪ್‌ಟಾಪ್ ತೆರೆದ.

"ನಿನ್ನನ್ನ ಯಾರಯ್ಯ ಕರೆದ್ರು?"

"ಸೈಲೆನ್ಸರ್ ಪೈಪಲ್ಲಿ ಹೊಗೆ ಮೂಸೋ ಸೆನ್ಸರ್ ನಂದು ಇನ್ನೂ ಹಾಗೇ ಇದೆ ಬು. ಪೆಟ್ರೋಲ್ ಹೆಚ್ಚಾದ್ರೆ ಇಲ್ಲಿ ಕಾಣುತ್ತೆ. ನಿಮಗೆ ಸಹಾಯ ಆಗ್ಲಿ ಅಂತ."

"ಬಾ, ನೋಡೋಣ ಯಾರು ಮೊದಲು ಹೇಳ್ತಾರೆ ಅಂತ."

ಘಟೋತ್ಕಚ ಕೆಳಗಿನ ಏರನ್ನ ಆನೆ ಥರ ಹತ್ತಿದ. ಕಾಲಿಸರಿ ತಿರುವಲ್ಲಿ ಜನ ಕೈ ಬೀಸಿದ್ರು, ಹಳೇ ಗಂಟಲಿಟ್ಕೊಂಡು ಅವನು ಅಲ್ಲಿ ನಿಲ್ಲದೆ ಹೋದದ್ದು ಇದೇ ಮೊದಲು. ಅದಾಗಿ ಎರಡು ತಿರುವು ದಾಟಿದ್ದಷ್ಟೇ, ಪೋನಿರಾ ತಲೆ ಓರೆ ಮಾಡಿದ್ಲು.

"ಹೊಟ್ಟೆ ತುಂಬ್ತು ಅವನಿಗೆ."

"ಇಲ್ಲ ಬು, ಇಲ್ಲಿ ಸರಿಯಾಗೇ..." ಅನ್ನೋಷ್ಟರಲ್ಲಿ ಲ್ಯಾಪ್‌ಟಾಪ್ ಗೆರೆ ಮೇಲಕ್ಕೆ ಹಾರಿತು. "ಹೆಚ್ಚಾಯ್ತು! ಪೆಟ್ರೋಲ್ ಹೆಚ್ಚಾಯ್ತು!"

"ಆಗ್ಲೇ ಹೇಳಿದ್ನಲ್ಲ."

ಸ್ಕ್ರೂ ತಿರುಗಿಸಿದ್ಲು, ಒಂದು ತಿರುವು ನಡೀತು. ಗಾಳಿ ಸೋಸೋ ಡಬ್ಬ ಕಿತ್ತು ಹಿಂದಕ್ಕೆ ಕೊಟ್ಲು, ಯಾರೋ ಅತ್ತೆ ಅದನ್ನ ಬುಟ್ಟಿ ಅಂದ್ಕೊಂಡು ಅದ್ರಲ್ಲಿ ಬಾಳೆಹಣ್ಣು ಇಟ್ಲು. ಇನ್ನೂ ಎರಡು ತಿರುವು ನಡೀತು. ಆಮೇಲೆ ಏರು ಗೋಡೆ ಥರ ಎದ್ದು ನಿಂತಿತು. ಇಂಜಿನ್ನು ಮುಲುಗಿತು, ವೇಗ ಇಳೀತು, ಪಕ್ಕದಲ್ಲಿ ನಡ್ಕೊಂಡು ಹೋಗೋ ಮುದುಕ ಗಾಡೀನ ಹಿಂದೆ ಹಾಕಿದ.

"ಅಕ್ಕಾ! ನಿಲ್ತಾನೆ ಅಕ್ಕಾ!" ದರ್ಮಜಿ ಕಿರುಚಿದ. ಹಿಂದೆ ವಿನಾಂತಿ ಅಮ್ಮ ಮಗಳ ಹಣೆ ಮುಟ್ಟಿ ನೋಡಿದ್ಲು, ಈಗ್ಲೇ ಜ್ವರ ಬಂದ ಹಾಗೆ.

"ನೀನು ರಸ್ತೆ ನೋಡು," ಅಂದ್ಲು ಪೋನಿರಾ. ಒಂದು ಚೂರೂ ಗಡಿಬಿಡಿ ಇಲ್ಲ. ಕೈ ಒಳಗೆ ಹಾಕಿ, ಕಾರ್ಬೋರೇಟರ್ ಕೆಳಗಿನ ಪೀಠಕ್ಕೆ ಸಿಕ್ಕಿಸಿದ್ದ ಒಂದು ಸಣ್ಣ ರಬ್ಬರ್ ಪೈಪು ಕಿತ್ತಳು. ಪೈಪಿನ ಬಾಯಿ ಹೊರಗಿನ ಗಾಳೀನ ಸುಯ್ಯಂತ ಒಳಗೆಳೀತು. ಅದಕ್ಕೆ ಹೆಬ್ಬೆರಳು ಅಡ್ಡ ಇಟ್ಲು, ಪೂರ್ತಿ ಅಲ್ಲ, ಎಳ್ಳಿನಷ್ಟು ಸಂದಿ ಬಿಟ್ಟು. ಒಳಗೆ ಅಷ್ಟು ಗಾಳಿ ಹೆಚ್ಚು ಹೋಯ್ತು, ಹೆಚ್ಚಾಗಿದ್ದ ಪೆಟ್ರೋಲಿಗೆ ಜೊತೆ ಸಿಕ್ತು. ಘಟೋತ್ಕಚ ಒಂದು ಸಲ ಮೈ ಕೊಡವಿ ಗುಡುಗಿದ. ಮುಂದೆ ಹೋಗಿದ್ದ ಮುದುಕ ಗದ್ದೆಗೆ ಹಾರಿ ದಾರಿ ಬಿಟ್ಟ.

"ಸರಿ ಆಯ್ತು! ಗೆರೆ ನೆಟ್ಟಗಿದೆ!" ಪ್ರಯೋಗೊ ಕೂಗಿದ.

ಅಲ್ಲಿಂದ ಮುಂದೆ ಪೋನಿರಾ ಹೆಬ್ಬೆರಳೇ ಗಾಡಿ ಓಡಿಸಿದ್ದು. ಪ್ರತಿ ತಿರುವಿಗೂ ಸಂದಿ ಒಂದಿಷ್ಟು ದೊಡ್ಡದಾಗೋದು. ಇಳಿಜಾರು ಬಂದ್ರೆ ಮುಚ್ಚೋದು, ಏರು ಬಂದ್ರೆ ತೆಗೆಯೋದು. ಲ್ಯಾಪ್‌ಟಾಪ್ "ಹೆಚ್ಚು" ಅನ್ನೋ ಮುಂಚೆ ಬೆರಳು ಅಲ್ಲಾಡಿರ್ತಿತ್ತು. ಐದಾರು ತಿರುವಾದ ಮೇಲೆ ಪ್ರಯೋಗೊ ಓದೋದು ಬಿಟ್ಟು ಅವಳ ಬೆರಳನ್ನೇ ನೋಡ್ತಾ ಕೂತ.

"ಬು, ಇದನ್ನೇ ಅಲ್ವಾ ನನ್ನ ಡಬ್ಬಿ ಮಾಡೋದು?"

"ಹೌದು ಮತ್ತೆ. ನಿನ್ನ ಡಬ್ಬಿ ಏನೂ ಪೆದ್ದಲ್ಲ, ನಾನೇನು ಇಲ್ಲ ಅಂದ್ನಾ? ದಿನಾ ಎರಡು ಟ್ರಿಪ್ಪು ನನ್ನ ಬೆರಳು ಇಲ್ಲಿ ಇಟ್ಕೊಂಡು ಕೂರೋಕಾಗುತ್ತಾ? ನಾಳೆ ವಾಪಸ್ಸು ಕೂರಿಸು, ನಿನ್ನ ಡಬ್ಬೀನೇ ಓಡಿಸ್ಲಿ. ಇವತ್ತು ಮಾತ್ರ ನಾನು."

ಹೊಗೆಯಾಡೋ ಬುಗ್ಗೆಗಳು ಕಂಡ್ವು, ಆಲೂಗಡ್ಡೆ ಹೊಲಗಳು ಕಂಡ್ವು, ಹಳೇ ಕಲ್ಲಿನ ದೇವಸ್ಥಾನ ಕಂಡಿತು. ಘಟೋತ್ಕಚ ಎಲ್ಲೂ ನಿಲ್ಲದೆ, ಎಲ್ಲೂ ತಡವರಿಸದೆ, ಮದುವೆ ಗಂಡಿನ ಹಾಗೆ ಅಂಗಳದೊಳಗೆ ಬಂದ. ಸಾವಿರ ಜನ ಇದ್ರು, ಪೋನಿರಾ ಹೇಳೋ ಲೆಕ್ಕದಲ್ಲಿ ಹತ್ತು ಸಾವಿರ. ಇಂಜಿನ್ ಆಫ್ ಮಾಡ್ದೆ ಹಾಗೇ ಬಿಟ್ಟು, ಬೆರಳು ಪೈಪಿನ ಮೇಲೇ ಇಟ್ಕೊಂಡು ಕೂತ್ಲು. ಮಗು ಕೇಳಿದ ಗಂಟಲು, ಮಗು ತಲೆ ಮೇಲಿನ ಭಾರ ಇಳಿಯೋ ತನಕ ಮಾತಾಡ್ತಿರ್ಲಿ ಅಂತ.

ವಿನಾಂತಿಗೆ ಏಳು ಬುಗ್ಗೆ ನೀರು ಹುಯ್ದು, ತಲೆ ಮೇಲೆ ಹಳದಿ ಕೊಡೆ ಹಿಡಿದು ಚಾಪೆ ಮೇಲೆ ಕೂರಿಸಿದ್ರು. ಕರ್ತೋದಿ ಅಜ್ಜ ಕತ್ತರಿ ಕೈಗೆ ತಗೊಂಡು, ಕೇಳಬೇಕಾದ ಪ್ರಶ್ನೆ ಕೇಳಿದ್ರು.

"ನೀನು ಕೇಳಿದ್ದು ಸಿಕ್ತೇನಮ್ಮ?"

ದರ್ಮಜಿ ಕಣ್ಣು ಮುಚ್ಕೊಂಡು ನಗ್ತಾ ಇದ್ದ. ಡೋಲಿನವನು ಕೋಲು ಎತ್ತಿದ್ದ.

"ಇಲ್ಲ," ಅಂದ್ಲು ವಿನಾಂತಿ.

ಡೋಲಿನವನು ಕೋಲು ಕೆಳಗಿಟ್ಟ. ಅಜ್ಜ ಕತ್ತರಿ ಇಳಿಸಿದ್ರು. "ಯಾಕಮ್ಮ? ಅದೇ ಗಾಡಿ, ಅದೇ ಗಂಟಲು, ನಿನ್ನ ಬುದೆ ಅಲ್ಲೇ ಕೂತಿದ್ದಾಳೆ."

"ಅವನು ಮೇಲೆ ಬಂದಾಗ ಕೆಮ್ತಿದ್ದ. ಯಾವಾಗ್ಲೂ ಕೆಮ್ತಿದ್ದ. ಇಲ್ಲಿ ನಿಂತ್ಕೊಂಡು ಅಜ್ಜನ ಥರ ಖಳ್ ಖಳ್ ಅಂತ ಕೆಮ್ಮಿ, ಆಮೇಲೆ ಸುಮ್ನಾಗ್ತಿದ್ದ. ಇವತ್ತು ಕೆಮ್ಮಲೇ ಇಲ್ಲ."

ಸಾವಿರ ಜನಾನೂ ಗಾಡಿ ಕಡೆ ತಿರುಗಿದ್ರು. ಪೋನಿರಾ ತನ್ನ ಹೆಬ್ಬೆರಳು ನೋಡ್ಕೊಂಡ್ಲು. ಯಾಕೆ ಕೆಮ್ಮಲಿಲ್ಲ ಅಂತ ಅವಳಿಗೆ ಗೊತ್ತಿತ್ತು. ಸಣ್ಣ ಜೆಟ್ ಹಾಕಿ ಕಳಿಸಿದ್ರೂ ಇಷ್ಟು ಎತ್ತರಕ್ಕೆ ಅದು ಪೂರ್ತಿ ಒಗ್ಗುತ್ತಿರಲಿಲ್ಲ, ಆಲೂಗಡ್ಡೆ ಹೇರೋ ಹೊತ್ತಿಗೆ ಗಂಟಲು ಕಟ್ಟೋದು. ಇವತ್ತು ಅವಳ ಬೆರಳು ತೀರಾ ಸರಿಯಾಗಿ ಕೆಲಸ ಮಾಡಿಬಿಟ್ಟಿತ್ತು. ಅವಳ ಮೂವತ್ತು ವರ್ಷದ ಕಸುಬಲ್ಲಿ ಅಷ್ಟು ನಯವಾಗಿ ಯಾವ ಕಾರ್ಬೋರೇಟರ್ ಗಾಡೀನೂ ಈ ಬೆಟ್ಟ ಹತ್ತಿರಲಿಲ್ಲ. ಅದೇ ತಪ್ಪಾಗಿತ್ತು.

"ಬು," ಪ್ರಯೋಗೊ ಪಿಸುಗುಟ್ಟಿದ, "ಎಲ್ಲರ ಮುಂದೆ ಕೆಮ್ಮಿಸಿದ್ರೆ ನಿಮಗೆ ಟ್ಯೂನಿಂಗ್ ಬರಲ್ಲ ಅಂತಾರೆ. ಡ್ರೈವರುಗಳೆಲ್ಲ ಇಲ್ಲೇ ನಿಂತಿದ್ದಾರೆ."

ಪೋನಿರಾ ಆ ಕಡೆ ನೋಡಿದ್ಲು. ಹೌದು, ಘಾಟಿಯ ಡ್ರೈವರುಗಳೆಲ್ಲ ಸಿಗರೇಟು ಹಿಡ್ಕೊಂಡು ಸಾಲಾಗಿ ನಿಂತಿದ್ರು. ಈ ಕಡೆ ನೋಡಿದ್ಲು. ಚಾಪೆ ಮೇಲೆ, ಒದ್ದೆ ಜಡೆ ಹೊತ್ತ ಪುಟ್ಟ ತಲೆ, ಇವಳನ್ನೇ ನೋಡ್ತಿತ್ತು.

"ಅಂದ್ರೆ ಅನ್ನಲಿ," ಅಂದ್ಲು ಪೋನಿರಾ. "ಏಯ್ ವಿನಾಂತಿ! ಕೆಮ್ಮು ಬೇಕಾ ನಿಂಗೆ? ಕೇಳಿಸ್ಕೋ!"

ಹೆಬ್ಬೆರಳನ್ನ ಪೈಪಿನ ಬಾಯಿಗೆ ಗಟ್ಟಿಯಾಗಿ ಒತ್ತಿದ್ಲು, ಎಡಗೈಲಿ ಚೋಕ್ ಎಳೆದ್ಲು. ಗಾಳಿ ಕಟ್ಟಾಯ್ತು. ಪೆಟ್ರೋಲು ಗಳಗಳ ಇಳೀತು. ಘಟೋತ್ಕಚ ಒಂದು ಸಲ ನಡುಗಿದ, ಎರಡು ಸಲ ನಡುಗಿದ, ಆಮೇಲೆ ನೋಡಿ, ಖಳ್! ಖಳ್! ಖಳಾರ್! ಹಿಂದುಗಡೆ ಎಮ್ಮೆ ಗಾತ್ರದ ಕರೀ ಹೊಗೆ ಎದ್ದು ಡ್ರೈವರುಗಳನ್ನೆಲ್ಲ ಮುಚ್ಚಿತು. ಬೆಟ್ಟದ ಬುಗ್ಗೆಗಳು ಹೆದರಿ ಒಂದು ಕ್ಷಣ ಹೊಗೆ ಬಿಡೋದನ್ನ ನಿಲ್ಲಿಸಿದ್ವು. ಆ ಕೆಮ್ಮು ಕೆಳಗೆ ವೊನೊಸೊಬೊ ಪೇಟೇಲಿ ಕೇಳಿ, ಔಷಧಿ ಅಂಗಡಿಯವನು ತಾನಾಗೇ ಒಂದು ಸೀಸೆ ಎತ್ತಿಟ್ಟನಂತೆ.

ವಿನಾಂತಿ ಹೊಟ್ಟೆ ಹಿಡ್ಕೊಂಡು ನಕ್ಕಳು. ನಗ್ತಾ ನಗ್ತಾ ಹಿಂದಕ್ಕೆ ಬಿದ್ಲು, ಎದ್ದು ಕೂತ್ಲು, ಅಜ್ಜನ ಕಡೆ ತಲೆ ಬಗ್ಗಿಸಿದ್ಲು.

"ಈಗ ಸಿಕ್ತು. ಕತ್ತರಿಸಿ."

ಕತ್ತರಿ ಕಚಕ್ ಅಂತ ಬಿತ್ತು. ಮೊದಲನೇ ಜಡೆ ಅಜ್ಜನ ಅಂಗೈಗೆ ಬಂತು. ಗಾಡಿ ಒಳಗೆ, ಮುಖವೆಲ್ಲ ಮಸಿಯಾಗಿ ಹಲ್ಲು ಮಾತ್ರ ಬೆಳ್ಳಗೆ ಕಾಣ್ತಿದ್ದ ಪೋನಿರಾ, ಪ್ರಯೋಗೊನ ಮೊಣಕೈಯಿಂದ ತಿವಿದ್ಲು.

"ಹೇಳು ಮಾಸ್, ಇಂಥಾ ಕೆಮ್ಮು ನಿನ್ನ ಡಬ್ಬಿಗೆ ಬರುತ್ತಾ?"